ಮನೆಮಂದಿಯೆಲ್ಲ ಸ್ಟುಡಿಯೋಗೆ ಹೊರಡುವ ಮುಂಚೆ: ತಯಾರಿ ಅಜ್ಜಿಯಿಂದ ಶುರುವಾಗಲಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯ ಒಂದೇ ಒಂದು ಒಳ್ಳೆಯ ಫೋಟೋ ಇರುವುದಿಲ್ಲ. ಮೊಬೈಲುಗಳಲ್ಲಿ ಸಾವಿರಗಟ್ಟಲೆ ಫೋಟೋ ಬಿದ್ದಿರುತ್ತವೆ. ಆದರೆ ಗೋಡೆಗೆ ಹಾಕಲು ಒಂದು ಬೇಕು ಎಂದಾಗ ಯಾರದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ ದೊಡ್ಡದು ಮಾಡಬೇಕು. ಇಲ್ಲವೇ ಆಧಾರ್ ಕಾರ್ಡಿನ ಫೋಟೋನೇ ಗತಿ. ಅದೂ ಅವರು ಹೋದ ಮೇಲೆ, ಹಾರ ಹಾಕುವುದಕ್ಕೆ. ಹಾಗಾಗುವುದು ಬೇಡ. ಅವರು ಗಟ್ಟಿಯಾಗಿ ಕೂತು ಮಾತಾಡುತ್ತಿರುವಾಗಲೇ ಎಲ್ಲರೂ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳಿ.

ಶಿರಸಿ ಇರಲಿ, ಕುಮಟಾ ಇರಲಿ, ಕಾರವಾರ ಇರಲಿ, ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹೊತ್ತು ಬೇಕಾಗುವುದು ಮನೆಯ ತಯಾರಿಗೆ. ನಾನು ನಂಬಿರುವ ಕ್ರಮ ಒಂದೇ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ, ಅವರ ಅನುಕೂಲವನ್ನು ಮೊದಲು ನೋಡಿ. ದಿನ, ಹೊತ್ತು, ಬಟ್ಟೆಯ ಬಣ್ಣ, ಕೂರುವ ಜಾಗ ಎಲ್ಲವೂ ಅವರಿಂದ ಶುರುವಾಗಲಿ. ಉಳಿದವರು ಅದಕ್ಕೆ ಹೊಂದಿಕೊಳ್ಳಲಿ.

ಯಾವ ದಿನ, ಎಷ್ಟು ಹೊತ್ತಿಗೆ

ಎಲ್ಲರೂ ಊರಲ್ಲಿ ಸಿಗುವ ದಿನ ಹುಡುಕುವುದೇ ದೊಡ್ಡ ಕೆಲಸ. ಬೆಂಗಳೂರು, ಮುಂಬೈ, ಗೋವಾದಲ್ಲಿ ಇರುವವರು ಚೌತಿಗೆ ಬಂದೇ ಬರುತ್ತಾರೆ. ಹಾಗಾಗಿ ಚೌತಿಯ ಆಚೀಚಿನ ದಿನಗಳು ಒಳ್ಳೆಯವು. ಹಬ್ಬದ ದಿನವೇ ಇಟ್ಟುಕೊಳ್ಳಬೇಡಿ. ಅಡುಗೆ, ಪೂಜೆ, ನೆಂಟರ ನಡುವೆ ಮನೆಯ ಹೆಂಗಸರು ದಣಿದಿರುತ್ತಾರೆ. ಆ ದಣಿವು ಮುಖದಲ್ಲಿ ಕಾಣುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಫೋಟೋಗ್ರಾಫರುಗಳು ಮದುವೆ, ಉಪನಯನ ಎಂದು ಓಡಾಡುತ್ತಿರುತ್ತಾರೆ. ಸ್ಟುಡಿಯೋದಲ್ಲಿ ಸಮಾಧಾನದಿಂದ ಕೆಲಸ ಮಾಡುವವರು ಸಿಗುವುದು ಕಷ್ಟ. ಅದೇ ಆಷಾಢದಲ್ಲಿ ಮದುವೆ ಇರುವುದಿಲ್ಲ, ಅವರಿಗೆ ಬಿಡುವು ಜಾಸ್ತಿ. ಕರಾವಳಿಯ ಮೀನುಗಾರರ ಮನೆಗಳಿಗೂ ಇದು ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿಗೆ ಹೋಗುವ ಗಂಡಸರು ಮನೆಯಲ್ಲೇ ಇರುತ್ತಾರೆ. ಮಳೆ ಒಂದೇ ತೊಡಕು. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಯಾರನ್ನೂ ಎಬ್ಬಿಸಬೇಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ದಿನಗಳಲ್ಲಿ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಕಾರವಾರದಲ್ಲಾದರೆ ರವಿವಾರದ ಸಂತೆಯ ಗದ್ದಲ ನೆನಪಿರಲಿ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ ಮಾಡುವವರು ಮನೆಯಲ್ಲಿದ್ದರೆ ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಬೇಡ. ಕಣ್ಣು ಕೆಂಪಾಗಿರುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ನನ್ನ ಆಯ್ಕೆ. ಅಜ್ಜಿಯ ಸ್ನಾನ, ತಿಂಡಿ, ಮಾತ್ರೆ ಆಗಿರುತ್ತದೆ. ಮಗುವಿನ ಮಧ್ಯಾಹ್ನದ ನಿದ್ದೆಗೆ ಇನ್ನೂ ಹೊತ್ತಿರುತ್ತದೆ. ಸ್ಟುಡಿಯೋದ ಬೆಳಕು ಒಳಗಿನದೇ ಆದ್ದರಿಂದ ಹೊರಗಿನ ಬಿಸಿಲಿಗೆ ಕಾಯಬೇಕಿಲ್ಲ. ನಿಮ್ಮ ಮನೆಯ ಮಗು ಹತ್ತಕ್ಕೇ ಮಲಗುತ್ತದೆ ಎಂದಾದರೆ ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳಿ.

ಸ್ಟುಡಿಯೋ ಒಮ್ಮೆ ನೋಡಿ ಬನ್ನಿ

ಫೋನಿನಲ್ಲೇ ಎಲ್ಲ ಮುಗಿಸಬೇಡಿ. ಮನೆಯಿಂದ ಒಬ್ಬರಾದರೂ ಮೊದಲೇ ಹೋಗಿ ನೋಡಬೇಕು. ನಮ್ಮ ಪೇಟೆಗಳಲ್ಲಿ ಸುಮಾರು ಸ್ಟುಡಿಯೋಗಳು ಅಟ್ಟದ ಮೇಲಿವೆ. ಮೆಟ್ಟಿಲು ಕಡಿದಾಗಿದೆಯೇ, ಹಿಡಿದುಕೊಳ್ಳಲು ಕಂಬಿ ಇದೆಯೇ, ಮಂಡಿನೋವಿನ ಅಜ್ಜನಿಗೆ ಹತ್ತಲು ಆಗುತ್ತದೆಯೇ ನೋಡಿ. ಆಗದಿದ್ದರೆ ನೆಲಮಟ್ಟದಲ್ಲಿರುವ ಬೇರೆ ಸ್ಟುಡಿಯೋ ಹುಡುಕಿ. ಬಟ್ಟೆ ಬದಲಿಸಲು ಕೋಣೆ, ಶೌಚಾಲಯ, ಕೈಯಿರುವ ಗಟ್ಟಿ ಕುರ್ಚಿ ಇವೆಯೇ ಎಂದೂ ಕೇಳಿ. ಬರೀ ಸ್ಟೂಲ್ ಇದ್ದರೆ ಮನೆಯ ಕುರ್ಚಿಯನ್ನೇ ಒಯ್ಯಬಹುದು. ಮರದ ಹಳೇ ಕುರ್ಚಿ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಅಗಲ. ಹಿಂದೆ ಇಳಿಬಿಡುವ ಹಾಳೆ ಸಾಮಾನ್ಯವಾಗಿ ಸುಮಾರು 9 ಅಡಿ ಅಗಲ ಇರುತ್ತದೆ. ಭುಜಕ್ಕೆ ಭುಜ ತಾಗಿಸಿ ನಿಂತರೆ ಒಂದು ಸಾಲಿಗೆ ಆರು ಜನ, ಸ್ವಲ್ಪ ಓರೆಯಾಗಿ ನಿಂತರೆ ಏಳೆಂಟು ಜನ. ನೀವು ಹದಿನೈದು ಜನಕ್ಕಿಂತ ಜಾಸ್ತಿ ಇದ್ದರೆ ಸಣ್ಣ ಸ್ಟುಡಿಯೋದಲ್ಲಿ ಇಕ್ಕಟ್ಟಾಗುತ್ತದೆ. ಆಗ ಫೋಟೋಗ್ರಾಫರನ್ನೇ ಮನೆಗೆ ಕರೆಸಿ, ಜಗಲಿ ಅಥವಾ ಅಂಗಳದಲ್ಲಿ ಗುಂಪು ಫೋಟೋ ತೆಗೆಸುವುದು ಒಳ್ಳೆಯದು.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಕರೆಂಟು ಹೋದರೆ ಲೈಟುಗಳು ನಡೆಯುತ್ತವೆಯೇ, ಜನರೇಟರ್ ಇದೆಯೇ, ಇಲ್ಲದಿದ್ದರೆ ಅಡ್ವಾನ್ಸ್ ಏನಾಗುತ್ತದೆ ಎಂದು ಮೊದಲೇ ಕೇಳಿ. ಎಷ್ಟು ಜನ, ಎಷ್ಟು ಜೊತೆ ಬಟ್ಟೆ, ಎಷ್ಟು ಫೋಟೋ ಎಡಿಟ್ ಮಾಡಿ ಕೊಡುತ್ತಾರೆ, ಯಾವ ಅಳತೆಯ ಪ್ರಿಂಟ್, ಪೂರ್ಣ ಗಾತ್ರದ ಫೈಲ್ ಕೊಡುತ್ತಾರೋ ಇಲ್ಲವೋ, ಇಷ್ಟನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಿ.

ಬಟ್ಟೆ

ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕುವ ರೂಢಿ ಈಗ ಜಾಸ್ತಿಯಾಗಿದೆ. ನನಗದು ಅಷ್ಟು ಹಿಡಿಸುವುದಿಲ್ಲ. ಸಮವಸ್ತ್ರ ಹಾಕಿದಂತೆ ಕಂಡು ಒಬ್ಬೊಬ್ಬರ ಗುಣ ಮಾಸಿಹೋಗುತ್ತದೆ. ಅದಕ್ಕಿಂತ ಹೀಗೆ ಮಾಡಿ. ಅಜ್ಜಿಗೆ ಯಾವ ಸೀರೆ ಉಡಲು ಇಷ್ಟ ಎಂದು ಕೇಳಿ. ಅದನ್ನು ಹೊರಗೆ ತೆಗೆದು ಮಂಚದ ಮೇಲೆ ಹಾಸಿ. ಅದರ ಪಕ್ಕಕ್ಕೆ ಉಳಿದವರ ಬಟ್ಟೆ ಇಟ್ಟು ನೋಡಿ. ಅಜ್ಜಿಯದು ಕಡು ಹಸಿರು ಸೀರೆ ಎಂದಿಟ್ಟುಕೊಳ್ಳಿ. ಸೊಸೆಗೆ ಸಾಸಿವೆ ಹಳದಿ, ಮಗನಿಗೆ ಕೆನೆಬಣ್ಣದ ಅಂಗಿ, ಮೊಮ್ಮಗಳಿಗೆ ಇಟ್ಟಿಗೆ ಕೆಂಪು. ಮೂರು-ನಾಲ್ಕು ಬಣ್ಣಗಳು ಒಂದಕ್ಕೊಂದು ಹೊಂದಿದರೆ ಸಾಕು. ಎಲ್ಲರ ಬಟ್ಟೆಗಳನ್ನೂ ಒಟ್ಟಿಗೆ ಹಾಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಯಾವುದು ಕಣ್ಣಿಗೆ ಹೊಡೆಯುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ.

ಕೆಲವನ್ನು ಮಾತ್ರ ಬಿಡಿ. ತೀರಾ ಸಣ್ಣ ಗೆರೆ, ಸಣ್ಣ ಚೌಕಳಿಯ ಅಂಗಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕಾಣಬಹುದು. ಫ್ಲೋರೆಸೆಂಟ್ ಗುಲಾಬಿ, ಗಿಣಿಹಸಿರಿನಂಥ ಬಣ್ಣಗಳು ಗಲ್ಲದ ಕೆಳಗೆ ತಮ್ಮ ಛಾಯೆ ಬೀರುತ್ತವೆ. ದೊಡ್ಡ ಅಕ್ಷರ ಅಥವಾ ಕಾರ್ಟೂನ್ ಇರುವ ಟೀ ಶರ್ಟ್ ಇದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಿಂದೆ ಹಸಿರು ಪರದೆ ಹಾಕಿ ಆಮೇಲೆ ಬೇರೆ ದೃಶ್ಯ ಕೂರಿಸುವ ಸ್ಟುಡಿಯೋ ಆಗಿದ್ದರೆ ಹಸಿರು ಬಟ್ಟೆ ಬೇಡ. ಎಡಿಟಿಂಗ್‌ನಲ್ಲಿ ಪರದೆಯ ಜೊತೆ ಬಟ್ಟೆಯೂ ಮಾಯವಾಗುತ್ತದೆ. ಅಜ್ಜಿ ಹಸಿರು ಸೀರೆಯೇ ಬೇಕು ಎಂದರೆ ಬದಲಾಗಬೇಕಾದ್ದು ಪರದೆ, ಸೀರೆಯಲ್ಲ. ಬೂದು ಅಥವಾ ತಿಳಿ ಕಂದು ಬಣ್ಣದ ಸಾದಾ ಹಿನ್ನೆಲೆ ಕೇಳಿ. ಹಿಮಾಲಯ, ಜಲಪಾತದ ಚಿತ್ರಗಳ ಎದುರು ನಮ್ಮವರ ಮುಖ ಸಣ್ಣದಾಗುತ್ತದೆ.

ಹಾಲಕ್ಕಿ ಒಕ್ಕಲಿಗ ಸಮುದಾಯದ ಮನೆಗಳ ಅಜ್ಜಿಯಂದಿರು ಕುತ್ತಿಗೆ ತುಂಬ ಮಣಿಸರ ಹಾಕಿ, ತಮ್ಮದೇ ರೀತಿಯಲ್ಲಿ ಸೀರೆ ಉಡುತ್ತಾರೆ. ‘ಫೋಟೋಕ್ಕೆ ಎಂದು ಬೇರೆ ಸೀರೆ ಉಡು’ ಎಂದು ದಯವಿಟ್ಟು ಅವರಿಗೆ ಹೇಳಬೇಡಿ. ಅವರ ಉಡುಗೆಯೇ ಆ ಫೋಟೋದ ಬೆಲೆ. ಸೊಂಟದವರೆಗಾದರೂ ಬರುವಂತೆ ಚೌಕಟ್ಟು ಇಟ್ಟು, ಮಣಿಗಳು ಒಂದೊಂದಾಗಿ ಕಾಣುವಂತೆ ಬೆಳಕನ್ನು ಸ್ವಲ್ಪ ಪಕ್ಕದಿಂದ ಬಿಡಲು ಫೋಟೋಗ್ರಾಫರಿಗೆ ಹೇಳಿ. ನೇರ ಎದುರಿನ ಫ್ಲಾಶ್ ಬಿದ್ದರೆ ಮಣಿ, ಜರಿ, ಚಿನ್ನ ಎಲ್ಲವೂ ಬರೀ ಬಿಳಿ ಚುಕ್ಕೆಯಾಗುತ್ತವೆ. ಅಗಲ ಜರಿಯಂಚಿನ ರೇಷ್ಮೆ ಸೀರೆಗೂ ಇದೇ ಮಾತು.

ಕಪಾಟಿನಲ್ಲಿದ್ದ ಸೀರೆ, ಪಂಚೆಗಳನ್ನು ಎರಡು ದಿನ ಮೊದಲೇ ತೆಗೆದು ಗಾಳಿಗೆ ಹಾಕಿ. ಮಳೆಗಾಲದಲ್ಲಿ ಮಡಿಕೆಯ ಮೇಲೆ ಬೂಸ್ಟು ಬಂದಿರುತ್ತದೆ, ಕೊನೆಯ ಗಳಿಗೆಯಲ್ಲಿ ನೋಡಿದರೆ ಪ್ರಯೋಜನವಿಲ್ಲ. ರವಿಕೆ, ಮಕ್ಕಳ ಅಂಗಿ ಎಲ್ಲವನ್ನೂ ಒಂದು ವಾರ ಮುಂಚೆ ಹಾಕಿ ನೋಡಿ. ಬಿಳಿ ಅಂಗಿಯ ಒಳಗೆ ಬಣ್ಣದ ಬನಿಯನ್ ಬೇಡ, ಬೆಳಕಿಗೆ ಎದ್ದು ಕಾಣುತ್ತದೆ.

ಘಟ್ಟ ಹತ್ತಿ ಬರುವವರಿಗೆ ಒಂದು ಮಾತು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ. ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವುದು ಇದ್ದದ್ದೇ. ಫೋಟೋದ ಬಟ್ಟೆ ಹಾಕಿಸಿ ಹೊರಡಬೇಡಿ. ಇಸ್ತ್ರಿ ಮಾಡಿದ್ದನ್ನು ಹ್ಯಾಂಗರಿಗೆ ಹಾಕಿ ಮೇಲೊಂದು ಪಂಚೆ ಸುತ್ತಿ ಒಯ್ಯಿರಿ, ಸ್ಟುಡಿಯೋದಲ್ಲೇ ಬದಲಿಸಿ. ಸೀರೆಯನ್ನೂ ಅಲ್ಲೇ ಉಡುವುದು ವಾಸಿ.

ಮುಖ, ಕೂದಲು, ಕೈ

ಹೊಸ ಕ್ರೀಮು, ಫೇಶಿಯಲ್ಲು ಎಂದು ಹಿಂದಿನ ದಿನ ಪ್ರಯೋಗ ಮಾಡಬೇಡಿ. ಮುಖ ಉರಿದು ಕೆಂಪಾದರೆ ಸರಿಪಡಿಸಲು ಹೊತ್ತಿರುವುದಿಲ್ಲ. ಗಂಡಸರು ಕ್ಷೌರವನ್ನು ಎರಡು-ಮೂರು ದಿನ ಮೊದಲೇ ಮಾಡಿಸಿಕೊಳ್ಳಲಿ. ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸ ಇರುವವರು ಆ ದಿನ ಬಿಡಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಜಿಂಕ್ ಆಕ್ಸೈಡ್, ಟೈಟಾನಿಯಮ್ ಡೈಆಕ್ಸೈಡ್ ಫ್ಲಾಶ್ ಬೆಳಕನ್ನು ತಿರುಗಿ ಎಸೆಯುತ್ತವೆ. ಮುಖ ಹಿಟ್ಟು ಬಳಿದಂತೆ ಬೆಳ್ಳಗಾಗುತ್ತದೆ, ಕುತ್ತಿಗೆ ಬೇರೆ ಬಣ್ಣಕ್ಕೆ ಉಳಿಯುತ್ತದೆ.

ಕರಾವಳಿಯ ಸೆಖೆಯಲ್ಲಿ ಬೆವರು ದೊಡ್ಡ ತಲೆನೋವು. ಹೇಳಿದ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲೇ ಹೋಗಿ ಫ್ಯಾನಿನ ಕೆಳಗೆ ಕೂರಿ. ಹತ್ತಿ ಬಟ್ಟೆಯಿಂದ ಮುಖ ಒತ್ತಿ ಒರೆಸಿ, ತಿಕ್ಕಬೇಡಿ. ಮೂಗು, ಹಣೆಗೆ ತೆಳ್ಳಗೆ ಪೌಡರ್ ಹಾಕಿದರೆ ಸಾಕು. ತಲೆಗೆ ಎಣ್ಣೆ ಹಚ್ಚುವುದಾದರೆ ಹಿಂದಿನ ದಿನವೇ ಹಚ್ಚಿ ಮಿಂದುಬಿಡಿ. ಪುಡಿ ಕುಂಕುಮ ಹಚ್ಚುವ ಅಜ್ಜಿಗೆ ಸ್ಟಿಕ್ಕರ್ ಬೇಡ. ಸ್ಟುಡಿಯೋದಲ್ಲಿ ಹಚ್ಚಿಕೊಳ್ಳಲು ಭರಣಿ ಒಯ್ಯಿರಿ, ಮೂಗಿನ ಮೇಲೆ ಉದುರಿದ್ದನ್ನು ಒರೆಸಿ. ಮುಡಿಗೆ ಅಬ್ಬಲಿಗೆಯೋ ಭಟ್ಕಳ ಮಲ್ಲಿಗೆಯೋ ಇದ್ದರೆ ಬಹಳ ಚಂದ. ಎದುರಿನಿಂದ ತೆಗೆಯುವ ಫೋಟೋದಲ್ಲಿ ಹಿಂದಿನ ಹೂವು ಕಾಣದು. ಮಾಲೆಯ ಒಂದು ತುದಿಯನ್ನು ಭುಜದ ಮುಂದಕ್ಕೆ ಬಿಡಿ.

ಕವಳ (ಎಲೆ-ಅಡಿಕೆ) ಹಾಕುವ ಅಜ್ಜ-ಅಜ್ಜಿ ಇದ್ದರೆ ಅರ್ಧ ಗಂಟೆ ಮೊದಲು ಉಗುಳಿಸಿ ಬಾಯಿ ಮುಕ್ಕಳಿಸಲು ಹೇಳಿ. ತುಟಿಯ ಮೂಲೆ ಒರೆಸಿ. ಫೋಟೋ ಮುಗಿದ ಕೂಡಲೇ ಹಾಕಲು ಕವಳದ ಸಂಚಿ ಜೊತೆಯಲ್ಲೇ ಇರಲಿ. ಇಲ್ಲದಿದ್ದರೆ ಅವರ ಮನಸ್ಸೆಲ್ಲ ಅಲ್ಲಿಯೇ ಇರುತ್ತದೆ. ಹಲ್ಲಿನ ಸೆಟ್ ಇರುವವರು ಮರೆಯದೆ ಹಾಕಿಕೊಳ್ಳಲಿ. ಅದಿಲ್ಲದೇ ಇದ್ದಾಗಲೇ ಅವರಿಗೆ ಆರಾಮ ಎಂದಾದರೆ ಹಾಗೆಯೇ ಬಿಡಿ, ಒತ್ತಾಯ ಬೇಡ.

ಅಡಿಕೆ ಸುಲಿದ ಕೈಗೆ ಚೊಗರಿನ ಕಲೆ ಇರುತ್ತದೆ. ಅದನ್ನು ಉಜ್ಜಿ ಉಜ್ಜಿ ತೆಗೆಯುವುದು ಬೇಕಿಲ್ಲ. ದುಡಿದ ಕೈ ಹಾಗೆಯೇ ಮಡಿಲ ಮೇಲಿರಲಿ. ಉಗುರು ಕತ್ತರಿಸಿ ಸ್ವಚ್ಛ ಮಾಡಿದರೆ ಸಾಕು.

ಕನ್ನಡಕದ ಬಗ್ಗೆ ಸ್ವಲ್ಪ ಗಮನ ಕೊಡಿ. ಅಜ್ಜ ದಿನವೂ ಕನ್ನಡಕ ಹಾಕುವವರಾದರೆ ಫೋಟೋದಲ್ಲೂ ಇರಬೇಕು, ಇಲ್ಲದಿದ್ದರೆ ಅವರು ಅವರಂತೆ ಕಾಣುವುದಿಲ್ಲ. ಗಾಜು ಒರೆಸಿ ಕೊಡಿ. ಲೈಟಿನ ಹೊಳಪು ಬಿದ್ದರೆ ಕಿವಿಯ ಕಡೆ ಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿ, ಗಾಜು ಸ್ವಲ್ಪ ಕೆಳಕ್ಕೆ ಓರೆಯಾಗಲಿ. ಹೊಳಪು ಹೋಗುತ್ತದೆ. ಬಿಸಿಲಿಗೆ ಕಪ್ಪಾಗುವ ಕನ್ನಡಕವಾದರೆ ಒಳಗೆ ಬಂದ ಮೇಲೂ ತಿಳಿಯಾಗಲು ಹಲವು ನಿಮಿಷ ಬೇಕು. ದಾರಿಯಲ್ಲಿ ಅದನ್ನು ಡಬ್ಬಿಯಲ್ಲೇ ಇಡಿ, ಕೈ ಹಿಡಿದು ನಡೆಸಿಕೊಂಡು ಬನ್ನಿ.

ಸ್ಟುಡಿಯೋದಲ್ಲಿ ಯಾರು ಮೊದಲು

ಹೋದ ಕೂಡಲೇ ಮೊದಲು ಗುಂಪು ಫೋಟೋ. ಆಗ ಬಟ್ಟೆ ಮುದುಡಿರುವುದಿಲ್ಲ, ಮಕ್ಕಳಿಗೆ ಬೇಸರ ಬಂದಿರುವುದಿಲ್ಲ, ಹಿರಿಯರ ಬೆನ್ನು ನೋಯುತ್ತಿರುವುದಿಲ್ಲ. ಅದಾದ ಮೇಲೆ ಅಜ್ಜ-ಅಜ್ಜಿ ಇಬ್ಬರೇ, ಆಮೇಲೆ ಅಜ್ಜಿ ಒಬ್ಬರೇ, ಅಜ್ಜ ಒಬ್ಬರೇ. ಇದನ್ನು ಮಾತ್ರ ಬಿಡಬೇಡಿ. ಎಷ್ಟೋ ದಂಪತಿಗಳಿಗೆ ಮದುವೆಯ ನಂತರ ಇಬ್ಬರದೇ ಫೋಟೋ ಎಂದು ಒಂದೂ ಇರುವುದಿಲ್ಲ. ಇಷ್ಟು ಮುಗಿದರೆ ಅವರನ್ನು ಆರಾಮಾಗಿ ಕೂರಿಸಿ ನೀರು ಕೊಡಿ. ಅಣ್ಣ-ತಮ್ಮ, ಅತ್ತಿಗೆ-ನಾದಿನಿ, ಮೊಮ್ಮಕ್ಕಳ ಫೋಟೋಗಳು ಆಮೇಲೆ ಆಗಲಿ.

ನಿಲ್ಲಿಸುವಾಗ ಹಿರಿಯರು ನಡುವೆ ಕುರ್ಚಿಯಲ್ಲಿ. ಬೆನ್ನು ಕುರ್ಚಿಗೆ ಪೂರ್ತಿ ಆನಿಸದೆ ಸ್ವಲ್ಪ ಮುಂದೆ ಕೂತರೆ ಸೀರೆಯ ನೆರಿಗೆ, ಭುಜ ಚೆನ್ನಾಗಿ ಬರುತ್ತವೆ. ಬೆನ್ನುನೋವು ಇದ್ದರೆ ಹಿಂದೆ ಒಂದು ದಿಂಬು ಇಡಿ. ತಲೆಗಳು ಒಂದೇ ಎತ್ತರದಲ್ಲಿ ಸಾಲಾಗಿ ಬರದಿರಲಿ. ಒಬ್ಬರ ತಲೆ ಇನ್ನಿಬ್ಬರ ನಡುವಿನ ಸಂದಿಯಲ್ಲಿ ಬರಲಿ. ಸಾಲಿನ ಎರಡೂ ತುದಿಗಳಲ್ಲಿ ನಿಂತವರು ಅಗಲ ಲೆನ್ಸಿನಲ್ಲಿ ಎಳೆದಂತೆ ದಪ್ಪ ಕಾಣುತ್ತಾರೆ. ಹಾಗಾಗಿ ತುದಿಯಲ್ಲಿ ತೆಳ್ಳಗಿನವರು ನಿಲ್ಲಲಿ, ಆದಷ್ಟು ನಡುವಿಗೆ ಒತ್ತಿಕೊಳ್ಳಲಿ. ಮೂರು ಸಾಲು ಆದರೆ ಹಿಂದಿನ ಸಾಲಿನ ಮುಖಗಳು ಮಸುಕಾಗಿಲ್ಲವೇ ಎಂದು ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ತೋರಿಸಲು ಕೇಳಿ. ಆಗಲೇ ಕೇಳಬೇಕು, ಮನೆಗೆ ಬಂದ ಮೇಲೆ ಕೇಳಿ ಲಾಭವಿಲ್ಲ.

ಚಿಕ್ಕ ಮಕ್ಕಳನ್ನು ‘ಇಲ್ಲಿ ನೋಡು, ಅಲ್ಲಿ ನೋಡು’ ಎಂದು ಎಲ್ಲರೂ ಕೂಗುತ್ತಾರೆ. ಮಗು ನಾಲ್ಕು ದಿಕ್ಕಿಗೆ ನೋಡುತ್ತದೆ. ಕರೆಯುವ ಕೆಲಸ ಒಬ್ಬರಿಗೇ ಇರಲಿ. ಮಗುವಿಗೆ ತುಂಬ ಹಚ್ಚಿಕೊಂಡ ಚಿಕ್ಕಮ್ಮನೋ ಮಾವನೋ ಕ್ಯಾಮೆರಾದ ಹಿಂದೆ, ಲೆನ್ಸಿನ ಮೇಲೆಯೇ ಮುಖ ಬರುವಂತೆ ನಿಂತು ಕರೆಯಲಿ. ಗುಂಪಿನ ಫೋಟೋದಲ್ಲಿ ಅವರೂ ಬೇಕಲ್ವಾ? ಹಾಗಾಗಿ ಪರಿಚಯದವರನ್ನು ಅಥವಾ ಸ್ಟುಡಿಯೋದ ಹುಡುಗನನ್ನು ಮೊದಲೇ ಮಗುವಿನ ಜೊತೆ ಹತ್ತು ನಿಮಿಷ ಆಡಲು ಬಿಡಿ. ಮನೆಯಲ್ಲಿ ‘ಹಲ್ಲು ತೋರಿಸು’ ಎಂದು ಅಭ್ಯಾಸ ಮಾಡಿಸಬೇಡಿ. ಕಲಿಸಿದ ನಗು ಫೋಟೋದಲ್ಲಿ ಹಾಗೆಯೇ ಕಾಣುತ್ತದೆ. ಬಣ್ಣ ಹತ್ತುವ ತಿಂಡಿ ಬೇಡ, ಅವಲಕ್ಕಿಯೋ ಬಿಸ್ಕತ್ತೋ ಸಾಕು.

ಕಣ್ಣು ಮುಚ್ಚುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ, ಮೂರು ಎಣಿಸಿದಾಗ ತೆರೆಯಲು ಹೇಳಿದರೆ ಆ ಕ್ಷಣಕ್ಕೆ ಎಲ್ಲರ ಕಣ್ಣೂ ತೆರೆದಿರುತ್ತದೆ. ನಿಂತಲ್ಲೇ ನಿಂತು ಹತ್ತು-ಹದಿನೈದು ಸಲ ಕ್ಲಿಕ್ ಮಾಡಿಸಿ. ಒಂದರಲ್ಲಿ ಅಜ್ಜ ಚೆನ್ನಾಗಿ ಬಂದು, ಇನ್ನೊಂದರಲ್ಲಿ ಮಗು ಚೆನ್ನಾಗಿ ಬಂದರೂ ಎಡಿಟ್ ಮಾಡುವವರು ಎರಡನ್ನೂ ಸೇರಿಸಬಲ್ಲರು. ಕಿವಿ ಮಂದವಾದ ಹಿರಿಯರಿಗೆ ದೂರದಿಂದ ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಕೈ ಮುಟ್ಟಿ, ಎಲ್ಲಿ ನೋಡಬೇಕು ಎಂದು ತೋರಿಸಿ.

ತೀರಿಹೋದವರ ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು ಎಂದು ಅಜ್ಜಿ ಬಯಸುವುದುಂಟು. ಖಂಡಿತ ಹಾಗೆ ತೆಗೆಸಿ. ಫ್ರೇಮಿನ ಗಾಜನ್ನು ಮನೆಯಲ್ಲೇ ತೆಗೆದು ಒಯ್ಯಿರಿ. ಇಲ್ಲದಿದ್ದರೆ ಗಾಜಿನಲ್ಲಿ ಲೈಟು ಹೊಳೆದು ಅವರ ಮುಖವೇ ಕಾಣದೆ ಹೋಗುತ್ತದೆ.

ಸ್ಟುಡಿಯೋ ಮುಗಿಸಿ ಕಡಲ ಕಡೆ ಹೋಗುವ ಆಸೆ ಕಾರವಾರದಲ್ಲಿ ಎಲ್ಲರಿಗೂ ಆಗುತ್ತದೆ. ಟಾಗೋರ್ ಕಡಲತೀರದಲ್ಲಿ ಸಂಜೆ ಸೂರ್ಯ ನೀರಿನ ಕಡೆ ಇಳಿಯುತ್ತಾನೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗುತ್ತದೆ. ಸಮುದ್ರದ ಕಡೆ ಮುಖ ಮಾಡಿ ನಿಂತರೆ ಆ ಹೊತ್ತಿನ ಬೆಳಕು ಮುಖದ ಮೇಲೆ ಚಂದ ಬೀಳುತ್ತದೆ.

ಎಡಿಟಿಂಗ್, ಪ್ರಿಂಟ್, ಫ್ರೇಮ್

‘ಬೆಳ್ಳಗೆ ಮಾಡಬೇಡಿ’ ಎಂದು ಗಟ್ಟಿಯಾಗಿ ಹೇಳಿ. ಸುಮ್ನೆ ಬಿಟ್ಟರೆ ಎಷ್ಟೋ ಕಡೆ ಅಜ್ಜಿಯ ಸುಕ್ಕು ಅಳಿಸಿ, ಮುಖದ ಬಣ್ಣ ಬದಲಿಸಿ ಕೊಡುತ್ತಾರೆ. ಮೊಡವೆ, ಬಟ್ಟೆಯ ಮೇಲಿನ ಕಲೆ ತೆಗೆಯಲಿ. ಸುಕ್ಕು, ಮಚ್ಚೆ, ಮೈಬಣ್ಣ ಇದ್ದಂತೆ ಇರಲಿ. ನಾಳೆ ಮೊಮ್ಮಕ್ಕಳಿಗೆ ಗುರುತು ಸಿಗಬೇಕಾದ್ದು ಆ ಮುಖ.

ಪ್ರಿಂಟಿನ ಅಳತೆಯನ್ನು ಫೋಟೋ ತೆಗೆಯುವ ಮೊದಲೇ ಹೇಳಬೇಕು. ಕ್ಯಾಮೆರಾದ ಚೌಕಟ್ಟು 8×12, 12×18 ಇಂಚಿಗೆ ಸರಿಯಾಗಿ ಕೂರುತ್ತದೆ. 8×10 ಬೇಕೆಂದರೆ ಉದ್ದದಲ್ಲಿ ಆರರಲ್ಲಿ ಒಂದು ಪಾಲು ಕತ್ತರಿಸಬೇಕು. ಎರಡೂ ಬದಿಗೆ ಜಾಗ ಬಿಡದಿದ್ದರೆ ತುದಿಯಲ್ಲಿ ನಿಂತವರ ಭುಜ ಹೋಗುತ್ತದೆ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗದು. 12×18 ಇಂಚಿನ ಒಳ್ಳೆಯ ಪ್ರಿಂಟಿಗೆ ಸುಮಾರು 3600×5400 ಪಿಕ್ಸೆಲ್ ಬೇಕು.

ನಮ್ಮ ಮಳೆಗಾಲಕ್ಕೆ ಫ್ರೇಮ್ ಗಟ್ಟಿಯಿರಬೇಕು. ಗಾಜಿಗೆ ನೇರವಾಗಿ ತಾಗಿದ ಫೋಟೋ ತೇವಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ನಡುವೆ ಮೌಂಟ್ ಬೋರ್ಡ್ (ಫೋಟೋದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಹಾಕಿಸಿ, ಗಾಜು ಮತ್ತು ಫೋಟೋದ ನಡುವೆ ಸ್ವಲ್ಪ ಅಂತರ ಉಳಿಯುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ನೇತು ಹಾಕಬೇಡಿ, ಒಳಗೋಡೆ ನೋಡಿ.

ನೇತು ಹಾಕುವ ಮೊದಲು ಒಂದು ಚೀಟಿಯಲ್ಲಿ ದಿನಾಂಕ, ಊರು, ಎಡದಿಂದ ಬಲಕ್ಕೆ ಎಲ್ಲರ ಪೂರ್ತಿ ಹೆಸರು ಬರೆದು ಫ್ರೇಮಿನ ಹಿಂದೆ ಅಂಟಿಸಿ. ಫೋಟೋದ ಬೆನ್ನಿಗೇ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತಿದ ಗೆರೆ ಎದುರಿಗೆ ಮೂಡುತ್ತದೆ. ಅದೇ ದಿನ ಮನೆಯ ಹಳೇ ಆಲ್ಬಮ್ಮನ್ನೂ ಹೊರಗೆ ತೆಗೆದು ಅಜ್ಜಿಯ ಪಕ್ಕ ಕೂರಿ. ಅದರಲ್ಲಿ ಯಾರು ಯಾರು, ಯಾವ ಊರಿನವರು, ನಮಗೆ ಏನಾಗಬೇಕು ಎಂದು ಕೇಳಿ ಒಂದೊಂದಾಗಿ ಬರೆದಿಟ್ಟುಕೊಳ್ಳಿ.